ಉಚಿತ ತಪಾಸಣೆಗೂ ಬಿಲ್ ಬಂತೇಕೆ?

ಪ್ರಶ್ನೆ: ಅಮೆರಿಕದಲ್ಲಿ ಮಗನ ಮನೆಯಲ್ಲಿರುವ ನಮ್ಮ ಭಾವನವರಿಗೆ ಮೆಡಿಕೇರ್ (ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ) ಇದೆ. ಕೊಲೊನೋಸ್ಕೋಪಿ ಉಚಿತ ಅಂದಿದ್ದರು, ಆಮೇಲೆ ಬಿಲ್ ಬಂತು. ಯಾಕೆ?

ಉತ್ತರ: ಬಹುಶಃ ಪಾಲಿಪ್ ಸಿಕ್ಕಿರಬೇಕು. ಕರುಳನ್ನು ಬರೀ ನೋಡಿ ಬಿಟ್ಟರೆ, ಮೆಡಿಕೇರ್ ದರ ಒಪ್ಪುವ ವೈದ್ಯರಲ್ಲಿ ಖರ್ಚಿಲ್ಲ. ಕರುಳಿನ ಗೋಡೆಯಲ್ಲಿ ಪಾಲಿಪ್ ಎಂಬ ಪುಟ್ಟ ಗಂಟು ಕಂಡು, ತಂತಿಯ ಕುಣಿಕೆ ಹಾಕಿ ಕತ್ತರಿಸಿದರೆ ಒಪ್ಪಿತ ದರದಲ್ಲಿ ರೋಗಿಯ ಪಾಲು 2026ರವರೆಗೆ ಶೇ. 15, 2027ರಿಂದ ಶೇ. 10, 2030ರಿಂದ ಸೊನ್ನೆ. ಕ್ಯಾನ್ಸರ್ ಆಗಬಹುದಾದ ಗಂಟನ್ನು ಹುಡುಕಿ ತೆಗೆಯುವುದಕ್ಕೇ ಈ ತಪಾಸಣೆ. ಅದು ಸಿಕ್ಕಿದ್ದಕ್ಕೇ ದಂಡ ಹಾಕುವುದು ಯಾವ ನ್ಯಾಯವೋ! ಗಂಟು ತೆಗೆದ ಜಾಗದಲ್ಲಿ ಒಂದೆರಡು ವಾರದ ನಂತರವೂ ರಕ್ತ ಬರಬಹುದು. ಅಪರೂಪಕ್ಕೆ ಕರುಳಿಗೆ ತೂತಾಗುವುದೂ ಉಂಟು. ಅದಕ್ಕಾಗಿ ಆಸ್ಪತ್ರೆ ಸೇರಿದರೆ ತಪಾಸಣೆಯ ರಿಯಾಯಿತಿ ಸಿಗದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ಮೊದಲೇ ತಿಳಿಸಲಿ.