ಹೊಸ್ತಿಲಲ್ಲೇ ಹಿಡಿಯೋಣ ಪ್ಲಾಸ್ಟಿಕ್ ಲೆಕ್ಕ

ಮಕ್ಕಳೇ, ಒಂದು ಸಣ್ಣ ಲೆಕ್ಕ. ದಿನಕ್ಕೆ ಅರ್ಧ ಲೀಟರಿನ ಎರಡು ಹಾಲಿನ ಪ್ಯಾಕೆಟ್ ಕೊಳ್ಳುವ ಮನೆಗೆ ವರ್ಷಕ್ಕೆ ಎಷ್ಟು ಪ್ಯಾಕೆಟ್ ಬರುತ್ತವೆ? 730. ತೊಳೆದು ಒಣಗಿಸಿಟ್ಟರೆ ಅವನ್ನು ಗುಜರಿಯವರು ಕೊಳ್ಳುತ್ತಾರೆ. ಕರಗಿಸಿ ಬೇರೆ ವಸ್ತು ಮಾಡಬಹುದು. ಆದರೆ ಕತ್ತರಿಸಿ ಬಿಸಾಡುವ ಉಗುರಿನಷ್ಟು ಮೂಲೆ? ಅದೂ 730 ಆಯಿತಲ್ಲ! ಅದನ್ನು ಯಾರೂ ಹೆಕ್ಕುವುದಿಲ್ಲ. ಸಿಂಕಿನ ತೂತಿನಿಂದ ಚರಂಡಿಗೆ, ಚರಂಡಿಯಿಂದ ಕೆರೆಗೆ ಅದರ ಪ್ರಯಾಣ. ಮೂಲೆಯನ್ನು ಪೂರ್ತಿ ಕತ್ತರಿಸದೆ, ಸ್ವಲ್ಪ ಅಂಟಿಕೊಂಡಿರುವಂತೆ ಬಿಟ್ಟು ಹಾಲು ಬಗ್ಗಿಸಿದರೆ ಮುಗಿಯಿತು. ಖರ್ಚಿಲ್ಲದ ಕೆಲಸ.

ಪ್ಲಾಸ್ಟಿಕ್ ಕಡಿಮೆ ಮಾಡಬೇಕೆಂದು ಎಲ್ಲರೂ ಹೇಳುತ್ತಾರೆ. ಮನೆಗೆ ಎಷ್ಟು ಬರುತ್ತದೆಂದು ಎಣಿಸಿದವರು ಕಡಿಮೆ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದೇ ಆಯುಸ್ಸು ಸವೆಸಿದ ನನಗೆ ಎಣಿಸದೆ ಸಮಾಧಾನವಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಗೆರೆ ಹಾಕಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿ. ಒಂದು ವಾರ ಮನೆಗೆ ಬಂದ ಪ್ರತಿಯೊಂದು ಪ್ಲಾಸ್ಟಿಕ್ಕನ್ನೂ ಬರೆಯಿರಿ: ಏನು, ಯಾರು ತಂದರು, ಎಲ್ಲಿಂದ. ಲೆಕ್ಕವನ್ನು ಹೊಸ್ತಿಲಲ್ಲೇ ಹಿಡಿಯಬೇಕು. ಕಸದ ಬುಟ್ಟಿಗೆ ಬಿದ್ದ ಮೇಲೆ ಅದು ಆಗಲೇ ಆಗಿಹೋದ ಖರ್ಚು. ಬರೆಯುವ ಕೆಲಸವನ್ನು ಮನೆಯ ಅತಿ ಕಿರಿಯರಿಗೆ ಕೊಡಿ. ಅವರು ಅಜ್ಜನಿಗೂ ವಿನಾಯಿತಿ ಕೊಡುವುದಿಲ್ಲ.

ಹಾಳೆ ತುಂಬಿದಾಗ ಬಿಸ್ಕತ್ತು, ಚಿಪ್ಸ್, ಶ್ಯಾಂಪೂ ಪೊಟ್ಟಣಗಳ ಸಾಲು ಎಷ್ಟು ಉದ್ದವಿದೆ ನೋಡಿ. ಚಿಪ್ಸ್ ಪೊಟ್ಟಣದ ಒಳಗೆ ಬೆಳ್ಳಿಯಂತೆ ಹೊಳೆಯುವುದು ಅಲ್ಯೂಮಿನಿಯಂನ ತೆಳು ಪದರ. ಗಾಳಿ, ತೇವ ತಡೆದು ತಿಂಡಿ ಮೆತ್ತಗಾಗದಂತೆ ಕಾಯುವುದು ಅದೇ. ಆದರೆ ಪ್ಲಾಸ್ಟಿಕ್ಕಿಗೆ ಅಂಟಿದ ಆ ಪದರವನ್ನು ಬಿಡಿಸುವುದು ಕಷ್ಟ, ಹಾಗಾಗಿ ಗುಜರಿಯವರಿಗೆ ಅದು ಬೇಡ. ಇಲ್ಲಿ ಅಜ್ಜಿಯರ ಸಹಾಯ ಬೇಕು. ಕೋಡುಬಳೆಯೋ ಹುರಿದ ಅವಲಕ್ಕಿಯೋ ಬಿಗಿ ಮುಚ್ಚಳದ ಡಬ್ಬಿಯಲ್ಲಿದ್ದರೆ ವಾರವಿಡೀ ಗರಿಗರಿ.

ಇನ್ನೊಂದು ಸಾಲು ಕೈಚೀಲಗಳದ್ದು. ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ ಪ್ಲಾಸ್ಟಿಕ್ ಚಮಚ, ಸ್ಟ್ರಾ, ಬಲೂನಿನ ಕಡ್ಡಿಗಳೂ ನಿಂತವು, ಕಾನೂನಿನಲ್ಲಿ! ಸೊಪ್ಪಿನ ಗಾಡಿಯಲ್ಲಿ ತೆಳು ಚೀಲ ಇನ್ನೂ ಇದೆ, ಏಕೆಂದರೆ ನಾವು ಕೈಬೀಸಿಕೊಂಡು ಹೋಗುತ್ತೇವೆ. ಗಾಡಿಯವರನ್ನು ಬೈದು ಪ್ರಯೋಜನವಿಲ್ಲ. ಚೀಲ ಕೊಡದಿದ್ದರೆ ಗಿರಾಕಿ ಪಕ್ಕದ ಗಾಡಿಗೆ ಹೋದಾನೆಂಬ ಭಯ ಅವರಿಗೆ. ಮದುವೆಮನೆಯಲ್ಲಿ ತಾಂಬೂಲದ ಜೊತೆ ಕೊಡುವ ಬಣ್ಣದ ಚೀಲ ಬಟ್ಟೆಯದೆಂದು ಅನೇಕರು ನಂಬಿದ್ದಾರೆ. ಅಂಚನ್ನು ಎಳೆದು ನೋಡಿ. ನೇಯ್ದ ಬಟ್ಟೆಯಾದರೆ ನೂಲು ಬರುತ್ತದೆ. ನೇಯ್ಗೆಯ ಗುರುತೇ ಇಲ್ಲದಿದ್ದರೆ ಅದು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಹಳೆಯ ಪಂಚೆಯಲ್ಲಿ ಹೊಲಿದ ಚೀಲಕ್ಕೆ ಈ ಅನುಮಾನವಿಲ್ಲ.

ಹಿರಿಯರಲ್ಲಿ ಒಂದು ಮಾತು. ಬಚ್ಚಲ ಒಲೆ ಹೊತ್ತಿಸಲು ಪ್ಲಾಸ್ಟಿಕ್ ಕವರ್ ಹಾಕುವವರು ಈಗಲೂ ಇದ್ದಾರೆ. ಆ ಹೊಗೆ ವಿಷ; ಒಲೆಯ ಮುಂದೆ ಚಳಿ ಕಾಯಿಸುವ ಮೊಮ್ಮಗುವೂ ಅದನ್ನೇ ಉಸಿರಾಡುತ್ತದೆ. ಉಳಿದ ಅನ್ನ, ತರಕಾರಿ ಸಿಪ್ಪೆಯನ್ನು ಕವರಿನಲ್ಲಿ ಗಂಟು ಕಟ್ಟಿ ಬೀದಿಗೆ ಎಸೆಯುವುದು ಇನ್ನೊಂದು ಕೆಟ್ಟ ಅಭ್ಯಾಸ. ಹಸುವಿಗೆ ಗಂಟು ಬಿಚ್ಚಲು ಬರದು. ಕವರ್ ಸಮೇತ ನುಂಗುತ್ತದೆ. ಜೀರ್ಣವಾಗದ ಪ್ಲಾಸ್ಟಿಕ್ ಅದರ ದೊಡ್ಡ ಹೊಟ್ಟೆಯಲ್ಲಿ ಸೇರುತ್ತಾ ಹೋಗಿ ಮೇವಿಗೆ ಜಾಗವೇ ಇಲ್ಲದಂತಾಗುತ್ತದೆ. ಪಶುವೈದ್ಯರು ಹೊಟ್ಟೆ ಕೊಯ್ದು ಕಿಲೋಗಟ್ಟಲೆ ಪ್ಲಾಸ್ಟಿಕ್ ಹೊರತೆಗೆದ ಉದಾಹರಣೆಗಳಿವೆ.

ಭಾನುವಾರ ಸಂಜೆ ಎಲ್ಲರೂ ಹಾಳೆಯ ಮುಂದೆ ಕೂತು, ಮುಂದಿನ ವಾರಕ್ಕೆ ಬೇಡವೆನಿಸುವ ಒಂದೇ ಒಂದು ಸಾಲನ್ನು ಹೊಡೆದುಹಾಕಿ. ಮೊದಲ ವಾರವೇ ಚಿಪ್ಸ್‌ಗೆ ಕೈ ಹಾಕಬೇಡಿ, ಮನೆಯಲ್ಲಿ ಜಗಳವಾದೀತು. ಕೈಚೀಲದಿಂದ ಶುರುಮಾಡಿ.