ಕೆಚ್ಚಲು ಬಾವಿಗೆ ಸೂಜಿಗಿಂತ ಮೊದಲು ಪರೀಕ್ಷೆ ಏಕೆ?

ಪ್ರಶ್ನೆ: ಹಸುವಿಗೆ ಕೆಚ್ಚಲು ಬಾವು ಬಂದಾಗ ಆಂಟಿಬಯೋಟಿಕ್ ಕೊಡುವ ಮುನ್ನ ಹಾಲಿನ ಪರೀಕ್ಷೆ ಏಕೆ? ಅಷ್ಟರಲ್ಲಿ ರೋಗ ಹೆಚ್ಚುವುದಿಲ್ಲವೇ?

ಉತ್ತರ: ಊದಿದ ಕೆಚ್ಚಲು, ಒಡೆದ ಹಾಲು ನೋಡಿದರೆ ಎಲ್ಲ ಬಾವೂ ಒಂದೇ ಅನಿಸುತ್ತದೆ. ಆದರೆ ಕಾರಣ ಬೇರೆಬೇರೆ. ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಇದ್ದರೆ ಆಂಟಿಬಯೋಟಿಕ್ ಚೆನ್ನಾಗಿ ಕೆಲಸ ಮಾಡುತ್ತದೆ. ಇ. ಕೋಲೈನಿಂದ ಬಂದ ಸೌಮ್ಯ ಬಾವನ್ನು ಹಸುವಿನ ದೇಹವೇ ಬಹುಪಾಲು ಗೆಲ್ಲುತ್ತದೆ. ಯೀಸ್ಟ್ ಆಗಿದ್ದರೆ ಆಂಟಿಬಯೋಟಿಕ್ ನಾಟುವುದೇ ಇಲ್ಲ. ಅಂದಾಜಿನ ಮೇಲೆ ಕೊಟ್ಟ ಔಷಧದಿಂದ ದುಡ್ಡು ಹಾಳಾಗುವುದಷ್ಟೇ ಅಲ್ಲ, ಆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಕೊಟ್ಟಿಗೆಯಲ್ಲಿ ಉಳಿದು ಬೆಳೆಯುತ್ತವೆ. ನನ್ನನ್ನು ಕಾಡುವುದು ಇದೇ.

ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಪರೀಕ್ಷೆಯನ್ನು ಕೊಟ್ಟಿಗೆಯಲ್ಲೇ ಮಾಡಬಹುದು. ನಾಲ್ಕು ಬಟ್ಟಲಿನ ತಟ್ಟೆಗೆ ಒಂದೊಂದು ಮೊಲೆಯ ಹಾಲು ಕರೆದು ದ್ರಾವಣ ಬೆರೆಸಿದರೆ, ಬಾವಿರುವ ಮೊಲೆಯ ಹಾಲು ಲೋಳೆಯಾಗುತ್ತದೆ. ಯಾವ ಸೂಕ್ಷ್ಮಜೀವಿ ಎಂಬುದನ್ನು ಮಾತ್ರ ಅದು ಹೇಳದು. ಅದಕ್ಕೆ ಹಾಲಿನಲ್ಲಿರುವ ಸೂಕ್ಷ್ಮಜೀವಿಯನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಬೇಕು; ಸುಮಾರು 24 ಗಂಟೆಯಲ್ಲಿ ಸೂಕ್ಷ್ಮಜೀವಿಯ ಗುಂಪು ತಿಳಿಯುತ್ತದೆ. ಸೌಮ್ಯ ಬಾವಿನಲ್ಲಿ ಒಂದು ದಿನ ಕಾಯಬಹುದು. ಜ್ವರ ಬಂದು ಮೇವು ಬಿಟ್ಟರೆ ಕಾಯಬೇಡಿ, ಪಶುವೈದ್ಯರನ್ನು ತಕ್ಷಣ ಕರೆಸಿ. ಹಾಲಿನ ಮಾದರಿಯನ್ನು ಚುಚ್ಚುಮದ್ದಿಗೆ ಮೊದಲೇ ತೆಗೆಸಿಡಿ. ಆಮೇಲೆ ತೆಗೆದರೆ ಕಲ್ಚರಿನಲ್ಲಿ ಏನೂ ಬೆಳೆಯದಿರಬಹುದು.