ವಾಹನದ ಅರ್ತ್: ನಂಬಿಕೆ ಒಂದು, ನಿಜ ಇನ್ನೊಂದು

ಕಾರಿನ ಬಾನೆಟ್ ಎತ್ತಿದರೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್‌ನಿಂದ ಹೊರಟ ಕಪ್ಪು ಕೇಬಲ್ ಒಂದೆರಡು ಗೇಣು ದೂರದಲ್ಲೇ ಬಾಡಿಯ ತಗಡಿಗೆ ಬೋಲ್ಟ್ ಆಗಿರುವುದು ಕಾಣುತ್ತದೆ. ಗ್ಯಾರೇಜಿನ ಮಾತಿನಲ್ಲಿ ಇದು ಬಾಡಿ ಅರ್ತ್. ಮನೆಯ ಅರ್ತಿಂಗ್‌ನಂತೆ ಇದೂ ಕರೆಂಟನ್ನು ನೆಲಕ್ಕೆ ಇಳಿಸುತ್ತದೆ ಎಂದು ಹಲವರು ತಿಳಿದಿದ್ದಾರೆ. ಹೆಸರು ಒಂದೇ ಆದರೂ ಕೆಲಸ ಬೇರೆ. ಮನೆಯ ಅರ್ತ್ ತಂತಿಯಲ್ಲಿ ಹೆಚ್ಚು ಕರೆಂಟ್ ಹರಿಯುವುದು ಏನಾದರೂ ಕೆಟ್ಟಾಗ. ವಾಹನದಲ್ಲಿ ಅದು ದಿನವೂ ದುಡಿಯುವ ದಾರಿ. ಹೆಡ್‌ಲೈಟ್, ಹಾರ್ನ್, ವೈಪರ್, ಸೆಲ್ಫ್ ಮೋಟರ್‌ಗಳಿಗೆ ಪಾಸಿಟಿವ್ ತಂತಿಯಲ್ಲಿ ಹೋದ ಕರೆಂಟ್ ಬಾಡಿಯ ಮೂಲಕವೇ ಬ್ಯಾಟರಿಗೆ ಮರಳುತ್ತದೆ. ನೆಲಕ್ಕೂ ಇದಕ್ಕೂ ಸಂಬಂಧವಿಲ್ಲ. ಬಾಡಿಗೆ ನೆಗೆಟಿವ್ ಬದಿಯೇ ಸೇರಬೇಕೆಂಬುದು ಕೂಡ ಒಂದು ರೂಢಿ ಅಷ್ಟೆ. 1960ರ ದಶಕದವರೆಗೂ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಬದಿಯನ್ನು ಬಾಡಿಗೆ ಕೊಡುತ್ತಿದ್ದರು.

ಅರ್ತ್ ಎಂದರೆ ನೆಲ ಎಂಬ ಮೊದಲ ತಪ್ಪಿನಿಂದಲೇ ಎರಡನೆಯದು ಹುಟ್ಟುತ್ತದೆ: ‘ಪಾಸಿಟಿವ್‌ಗೆ ದಪ್ಪ ಕೇಬಲ್ ಇರಲಿ, ಅರ್ತ್‌ಗೆ ಯಾವುದಾದರೂ ನಡೆಯುತ್ತದೆ.’ ಹೋದಷ್ಟೇ ಕರೆಂಟ್ ಮರಳಿ ಬರಬೇಕಾದ್ದರಿಂದ ಎರಡೂ ಬದಿಯ ಕೇಬಲ್ ಒಂದೇ ಅಳತೆಯದಾಗಿರಬೇಕು. ಎಂಜಿನ್ ಸ್ಟಾರ್ಟ್ ಮಾಡುವಾಗ ಸೆಲ್ಫ್ ಮೋಟರ್ 200 ಆಂಪಿಯರ್ ಎಳೆಯುತ್ತದೆ ಎಂದುಕೊಂಡರೆ, 25 ಚದರ ಮಿಲಿಮೀಟರ್ ತಾಮ್ರದ ಕೇಬಲ್‌ನಲ್ಲಿ ಮೀಟರ್‌ಗೆ ಸುಮಾರು 0.14 ವೋಲ್ಟ್ ನಷ್ಟವಾಗುತ್ತದೆ. 10 ಚದರ ಮಿಲಿಮೀಟರ್ ಕೇಬಲ್ ಹಾಕಿದರೆ ಅದು 0.35 ವೋಲ್ಟ್. ಆದರೆ ಲೆಕ್ಕ ನಿಜವಾಗಿ ಕೆಡುವುದು ಜೋಡಣೆಯಲ್ಲಿ. ಕೇಬಲ್ ತುದಿಗೆ ಕೂರಿಸಿ ಬೋಲ್ಟ್ ಹಾಕುವ ಲೋಹದ ತುಂಡೇ ಲಗ್ಸ್. ತುಕ್ಕು ಹಿಡಿದ ಅಂತಹ ಒಂದೇ ಲಗ್ಸ್‌ನಲ್ಲಿ ಓಮ್‌ನ ನೂರನೇ ಒಂದು ಭಾಗ ಪ್ರತಿರೋಧವಿದ್ದರೂ ಅಷ್ಟೇ ಕರೆಂಟಿಗೆ 2 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಬ್ಯಾಟರಿ ಹೊಸದಾದರೂ ಸೆಲ್ಫ್ ಮುಕ್ಕರಿಯುತ್ತದೆ, ಗ್ರಾಹಕ ಸುಮ್ಮನೆ ಇನ್ನೊಂದು ಬ್ಯಾಟರಿಗೆ ಹಣ ತೆರುತ್ತಾನೆ.

‘ಎಂಜಿನ್ನೂ ಕಬ್ಬಿಣ, ಬಾಡಿಯೂ ಕಬ್ಬಿಣ, ಮಧ್ಯೆ ತಂತಿ ಯಾಕೆ?’ ಎಂಬ ಪ್ರಶ್ನೆಗೆ ಉತ್ತರ ಎಂಜಿನ್ನಿನ ಕೆಳಗಿದೆ. ಎಂಜಿನ್ ಕೂತಿರುವುದು ರಬ್ಬರ್ ಮೌಂಟ್‌ಗಳ ಮೇಲೆ, ರಬ್ಬರ್ ಕರೆಂಟ್ ಬಿಡುವುದಿಲ್ಲ. ಹಾಗಾಗಿ ಎಂಜಿನ್ನಿನಿಂದ ಬಾಡಿಗೋ ನೇರವಾಗಿ ಬ್ಯಾಟರಿಗೋ ಪ್ರತ್ಯೇಕ ಅರ್ತ್ ಇರಲೇಬೇಕು. ಹಲವು ವಾಹನಗಳಲ್ಲಿ ಇದು ಜಡೆಯಂತೆ ಹೆಣೆದ ಚಪ್ಪಟೆ ತಾಮ್ರದ ಪಟ್ಟಿ. ಹೆಣಿಗೆ ಅಂದಕ್ಕಲ್ಲ; ಎಂಜಿನ್ ಅದುರಿದಷ್ಟೂ ಬಾಗುವ, ಆದರೆ ತುಂಡಾಗದ ಗುಣ ಸಣ್ಣ ಎಳೆಗಳಿಗಿದೆ. ಈ ಪಟ್ಟಿ ಕಡಿದುಹೋದರೆ ಸೆಲ್ಫ್‌ನ ಕರೆಂಟ್ ಸುಮ್ಮನೆ ನಿಲ್ಲುವುದಿಲ್ಲ, ಎಂಜಿನ್ನಿಗೂ ಬಾಡಿಗೂ ನಡುವೆ ಲೋಹದ ಯಾವ ಕೊಂಡಿ ಸಿಕ್ಕರೂ ಅದನ್ನು ಹಿಡಿಯುತ್ತದೆ. ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್ ಅಥವಾ ಗೇರ್ ಕೇಬಲ್ ಬಿಸಿಯಾಗಿ, ಒಳಗಿನ ಪ್ಲಾಸ್ಟಿಕ್ ಕರಗಿ ಬಿಗಿದುಕೊಳ್ಳುವುದುಂಟು. ಕಾರಣವಿಲ್ಲದೆ ಪದೇಪದೇ ಕೇಬಲ್ ಕೆಡುವ ಗಾಡಿಯಲ್ಲಿ ಮೊದಲು ನೋಡಬೇಕಾದ್ದು ಈ ಪಟ್ಟಿಯನ್ನು.

ಅಂಗಡಿಯಲ್ಲಿ ದಪ್ಪ ಕಂಡದ್ದೆಲ್ಲ ದಪ್ಪ ಕೇಬಲ್ ಅಲ್ಲ. ಲೆಕ್ಕಕ್ಕೆ ಬರುವುದು ಒಳಗಿನ ಲೋಹದ ಅಡ್ಡಕೊಯ್ತ. ಹೊರಗಿನ ಪ್ಲಾಸ್ಟಿಕ್ಕಿನ ಗಾತ್ರವಲ್ಲ. ಗೇಜ್ ಸಂಖ್ಯೆ ದೊಡ್ಡದಾದಷ್ಟೂ ತಂತಿ ತೆಳು ಎಂಬುದನ್ನೂ ಮರೆಯಬಾರದು: 4 ಗೇಜ್‌ಗಿಂತ 8 ಗೇಜ್ ಸಣ್ಣದು. ಅಗ್ಗದ ಕೇಬಲ್‌ಗಳಲ್ಲಿ ಅಲ್ಯೂಮಿನಿಯಂ ಎಳೆಗೆ ತಾಮ್ರದ ತೆಳು ಲೇಪ ಮಾತ್ರ ಇರುತ್ತದೆ. ಅಲ್ಯೂಮಿನಿಯಂನ ಪ್ರತಿರೋಧ ತಾಮ್ರದ ಸುಮಾರು 1.6 ಪಟ್ಟು, ಬಾಗಿಸಿದರೆ ಬೇಗ ಮುರಿಯುವ ಸ್ವಭಾವ ಬೇರೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿದರೆ ಸಾಕು. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರವಲ್ಲ.

ಕೇಬಲ್‌ಗೆ ಲಗ್ಸ್ ಹಾಕುವಲ್ಲಿ ಅತ್ಯಂತ ಗಟ್ಟಿಯಾಗಿ ಬೇರೂರಿದ ನಂಬಿಕೆಯೆಂದರೆ, ಬೆಸುಗೆ ಹಾಕಿದ್ದೇ ಶ್ರೇಷ್ಠ ಎಂಬುದು. ಸರಿಯಾದ ಅಳತೆಯ ಲಗ್ಸ್‌ಗೆ ಸರಿಯಾದ ಡೈ ಇರುವ ಉಪಕರಣದಿಂದ ಒತ್ತಿ ಬಿಗಿದರೆ, ಅಂದರೆ ಕ್ರಿಂಪ್ ಮಾಡಿದರೆ, ಎಳೆಗಳೂ ಲಗ್ಸ್‌ನ ಗೋಡೆಯೂ ಒಂದಕ್ಕೊಂದು ಒತ್ತಿ, ಗಾಳಿ ತೇವ ನುಸುಳಲಾರದಷ್ಟು ಬಿಗಿಯಾಗುತ್ತವೆ. ಬೆಸುಗೆಯಾದರೆ ಎಳೆಗಳ ನಡುವೆ ಮೇಲಕ್ಕೇರಿ ಒಂದಿಷ್ಟು ಉದ್ದ ಕೇಬಲ್ಲನ್ನು ಕಡ್ಡಿಯಂತೆ ಗಡುಸಾಗಿಸುತ್ತದೆ. ಗಡುಸು ಮುಗಿದು ಮೆದು ಶುರುವಾಗುವ ಗೆರೆಯಲ್ಲೇ ಅದುರಿಕೆಗೆ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ತವರ-ಸೀಸದ ಮಾಮೂಲಿ ಸೋಲ್ಡರ್ 183 ಡಿಗ್ರಿ ಸೆಲ್ಸಿಯಸ್‌ಗೆಲ್ಲ ಕರಗತೊಡಗುವುದರಿಂದ, ಬಿಸಿಯಾದ ಜೋಡಣೆ ತಾನಾಗಿ ಸಡಿಲವಾಗುವ ಅಪಾಯವೂ ಇದೆ. ಹಾಗೆಂದು ಸುತ್ತಿಗೆಯಿಂದ ಜಜ್ಜಿದ್ದು ಕ್ರಿಂಪ್ ಅಲ್ಲ. ಅದು ಬೆಸುಗೆಗಿಂತಲೂ ಕೆಟ್ಟದ್ದು. ತಂತಿ ಹೊಸೆದು ಇನ್ಸುಲೇಷನ್ ಟೇಪ್ ಸುತ್ತುವ ಪದ್ಧತಿಗಂತೂ ಬಾನೆಟ್ ಒಳಗಿನ ಸೆಕೆಯಲ್ಲಿ ಆಯುಷ್ಯ ಕಡಿಮೆ. ಟೇಪಿನ ಅಂಟು ಇಳಿದು ಬಿಚ್ಚಿಕೊಳ್ಳುತ್ತದೆ. ಅಂಟು ಸಮೇತ ಬರುವ, ಬಿಸಿಗೆ ಕುಗ್ಗುವ ಕೊಳವೆಯನ್ನು ಲಗ್ಸ್‌ನ ಕುತ್ತಿಗೆಗೆ ಹಾಕುವುದು ಒಳ್ಳೆಯದು.

ಮಂಗಳೂರು, ಕಾರವಾರದಂತಹ ಕಡಲ ಬದಿಯ ಊರುಗಳಲ್ಲಿ ಉಪ್ಪುಗಾಳಿ ತಾಮ್ರವನ್ನು ಬೇಗ ಹಸಿರು ಮಾಡುತ್ತದೆ. ಅಲ್ಲಿಗೆ ತವರದ ಲೇಪವಿರುವ ತಾಮ್ರದ ಲಗ್ಸ್ ಸೂಕ್ತ. ಲಗ್ಸ್‌ನ ತೂತು ಬೋಲ್ಟಿನ ಅಳತೆಯದೇ ಇರಬೇಕು. 6 ಮಿಲಿಮೀಟರ್ ಬೋಲ್ಟಿಗೆ 10ರ ತೂತು ಹಾಕಿದರೆ ಲೋಹಕ್ಕೆ ಲೋಹ ತಾಗುವ ಜಾಗ ಕಡಿಮೆಯಾಗುತ್ತದೆ.

‘ಬೋಲ್ಟ್ ಬಿಗಿಯಿದ್ದರೆ ಪೇಂಟ್ ಮೇಲಿದ್ದರೂ ಪರವಾಗಿಲ್ಲ’ ಎನ್ನುವುದೂ ತಪ್ಪು. ಪೇಂಟ್ ಕರೆಂಟ್ ಬಿಡುವುದಿಲ್ಲ. ಬೋಲ್ಟಿನ ಥ್ರೆಡ್ ಮೂಲಕ ಅಷ್ಟಿಷ್ಟು ಹರಿದರೂ ತುಕ್ಕು ಬಂದೊಡನೆ ಅದೂ ನಿಲ್ಲುತ್ತದೆ. ಲಗ್ಸ್ ಕೂರುವಷ್ಟು ಜಾಗವನ್ನು ಉಜ್ಜುಕಾಗದದಿಂದ ಹೊಳೆಯುವಂತೆ ಉಜ್ಜಿ, ಲಗ್ಸನ್ನು ನೇರ ತಗಡಿನ ಮೇಲಿಟ್ಟು, ವಾಷರ್‌ಗಳನ್ನು ಅದರ ಮೇಲೆ ಹಾಕಿ ಬಿಗಿಯಬೇಕು. ವ್ಯಾಸಲೀನ್ ಅಥವಾ ಗ್ರೀಸ್ ಹಚ್ಚಿದರೆ ಕರೆಂಟ್ ಚೆನ್ನಾಗಿ ಹರಿಯುತ್ತದೆ ಎಂಬುದು ಸುಳ್ಳು. ಅವು ತೇವ ತಡೆಯುತ್ತವೆ ಅಷ್ಟೆ, ಹಾಗಾಗಿ ಬಿಗಿದ ಮೇಲೆ ಹೊರಗಿನಿಂದ ಹಚ್ಚಿದರೆ ಸಾಕು.

ಹೆಚ್ಚುವರಿ ಲೈಟ್, ಆಂಪ್ಲಿಫೈಯರ್ ಹಾಕುವಾಗ ಅರ್ತ್ ತಂತಿಯನ್ನು ನೇರ ಬ್ಯಾಟರಿಯ ನೆಗೆಟಿವ್‌ಗೇ ಕೊಡುವುದು ಉತ್ತಮ ಎಂಬ ಸಲಹೆ ಹಳೆಯ ಗಾಡಿಗಳಿಗೆ ಸರಿ. ನೆಗೆಟಿವ್ ಟರ್ಮಿನಲ್ ಮೇಲೆ ಕರೆಂಟ್ ಅಳೆಯುವ ಸೆನ್ಸರ್ ಇರುವ ಇತ್ತೀಚಿನ ಕಾರುಗಳಲ್ಲಿ ಹಾಗೆ ಮಾಡಿದರೆ ಆ ಕರೆಂಟ್ ಸೆನ್ಸರ್ ಕಣ್ಣಿಗೆ ಬೀಳದೆ, ಚಾರ್ಜಿಂಗ್ ಲೆಕ್ಕ ತಪ್ಪುತ್ತದೆ. ಅಲ್ಲಿ ಬಾಡಿಯ ಅರ್ತ್ ಬೋಲ್ಟೇ ಸರಿ. ಫ್ಯೂಸ್ ಇರಬೇಕಾದ್ದು ಪಾಸಿಟಿವ್ ತಂತಿಯಲ್ಲಿ, ಬ್ಯಾಟರಿಯ ಹತ್ತಿರ. ಅರ್ತ್‌ನಲ್ಲಿ ಹಾಕಿದ ಫ್ಯೂಸ್ ಹೋದರೆ ಕರೆಂಟ್ ಆಡಿಯೊ ಕೇಬಲ್‌ನ ತೆಳು ಕವಚದಂತಹ ಬೇರೆ ದಾರಿ ಹುಡುಕುತ್ತದೆ.

ಇಂಡಿಕೇಟರ್ ಹಾಕಿದಾಗ ಹಿಂದಿನ ಬ್ರೇಕ್ ಲೈಟೂ ಜೊತೆಗೆ ಮಿಣುಕಿದರೆ ಆ ಲೈಟಿನ ಅರ್ತ್ ಮೇಲೆಯೇ ಮೊದಲ ಅನುಮಾನ. ಎಂಜಿನ್ ಅರ್ತ್ ಪರೀಕ್ಷಿಸಲು ಮಲ್ಟಿಮೀಟರ್‌ನ ಓಮ್ ಅಳತೆ ಸಾಲದು. ಹತ್ತಾರು ಎಳೆಗಳಲ್ಲಿ ಒಂದೇ ಉಳಿದಿದ್ದರೂ ಮೀಟರ್ ಬಹುತೇಕ ಸೊನ್ನೆ ತೋರಿಸುತ್ತದೆ. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಟರ್ಮಿನಲ್‌ಗೂ ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೂ ತಾಗಿಸಿ, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಬೇಕು. 0.2 ವೋಲ್ಟ್ ಒಳಗಿದ್ದರೆ ದಾರಿ ಸರಿಯಿದೆ, 0.5 ದಾಟಿದರೆ ಪ್ರತಿ ಜೋಡಣೆಯ ಎರಡೂ ಬದಿಗೆ ಮೊನೆ ಇಟ್ಟು ಅದೇ ರೀತಿ ಅಳೆಯುತ್ತ ಹೋದಾಗ ಕೆಟ್ಟ ಜಾಗ ಸಿಗುತ್ತದೆ.